ಹಸಿರು ಶಾಯಿಯ ಚೀಟಿ

ನವೆಂಬರ್ 9, ಶನಿವಾರ. ಸಂಜೆ 7.30

ಇವತ್ತೂ ನಮ್ಮ ಯುವಬಳಗದ ಸೋಶಿಯಲ್ ಕೂಟ. ಎಂದಿನಂತೆ ಚರ್ಚಿನ ಹಿಂದಿನ ಹಾಲ್, ಇಪ್ಪತ್ತೈದು ಜನ ಕಾಲೇಜಿನವರು, ಮಲ್ಲುವಿನ ಗಿಟಾರು, ಚುರುಮುರಿ ಸುಸಲಾ, ಮಿರ್ಚಿ, ಚಹಾ. ಬಂದವರು ಮೊದಲು ಗಡಿಗೆಗೆ ಚೀಟಿ ಹಾಕಬೇಕು. ದೇವರಲ್ಲಿ ಬೇಡುವುದನ್ನು ಬರೆದು, ಹೆಸರು ಹಾಕದೆ, ಮಡಚಿ. ಆಮೇಲೆ ಆಟ, ಹಾಡು. ಕೊನೆಗೆ ಎಲ್ಲ ಚೀಟಿ ಸುಡುವುದು. ಯಾರೂ ಓದುವಂತಿಲ್ಲ. ಸುಟ್ಟ ಮೇಲೇ ದೇವರಿಗೆ ಮುಟ್ಟುತ್ತದೆ, ಓದುವವನು ಆತನೊಬ್ಬನೇ ಅನ್ನುತ್ತಾರೆ ಬಳಗ ನಡೆಸುವ ಸಿಸ್ಟರ್.

ಆತನೊಬ್ಬನೇ ಅಂತೆ! ಶುದ್ಧ ಸುಳ್ಳು.

ನಾನು ಹಾಕಿದ್ದು ಇಷ್ಟು — "ಅವ್ವ ಕಮಲಾಪುರದ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುತ್ತಾಳೆಂದು ಇಲ್ಲಿ ಯಾರಿಗೂ ಗೊತ್ತಾಗದಿರಲಿ." ಹೋದ ವರ್ಷ ಬಳಗ ಸೇರಿದ ದಿನ ಯಾರೋ ಕೇಳಿದಾಗ ಅವ್ವ ಅಲ್ಲಿ ವಾರ್ಡನ್ ಅಂದುಬಿಟ್ಟಿದ್ದೆ. ಬಾಯಿಗೆ ಬಂತು, ಅಂದೆ. ಅಂದ ಮೇಲೆ ಹಿಂದೆ ತಗೊಳ್ಳುವುದು ಹೇಗೆ?

ಚೀಟಿ ಹಾಕಿ ಒಂದು ಗಂಟೆಯೂ ಆಗಿರಲಿಲ್ಲ. ಆಟ ಶುರು — ನಿಮಗೆ ಇಷ್ಟವಾದವರನ್ನು ಮಾತಿಲ್ಲದೆ ಮಾಡಿ ತೋರಿಸಿ. ಪ್ರೀತಿ ಎದ್ದಳು. ಖೂಬಾ ಪ್ಲಾಟಿನ ದೊಡ್ಡ ಮನೆಯ ಪ್ರೀತಿ, ಬಳಗದ ಸೆಕ್ರೆಟರಿ, ಎಲ್ಲರ ಮುದ್ದು. ಕುಕ್ಕರಗಾಲಲ್ಲಿ ಕೂತಳು. ಹಿಟ್ಟು ನಾದಿದಳು. ಉಂಡೆಯ ಮೇಲೆ ಬೆರಳಿನಿಂದ ಶಿಲುಬೆ ಎಳೆದಳು. ಆಮೇಲೆ ಪಟಪಟ ಬಡಿದಳು. ಉಂಡೆಗೆ ಶಿಲುಬೆ ಎಳೆಯುವವಳು ನನ್ನ ಅವ್ವ. ಬೇರೆ ಯಾರೂ ಎಳೆಯುವುದನ್ನು ನಾನು ಕಂಡಿಲ್ಲ. ಯಾರಿಗೂ ಗುರುತು ಸಿಗಲಿಲ್ಲ. ಕೊನೆಗೆ ಆಕೆಯೇ ಕೂಗಿದಳು —

"ಜಯದೇವಿ ಅವ್ವಾರು! ನಮ್ಮ ಅಂಜನಾನ ಅವ್ವ! ಕಮಲಾಪುರ ಹಾಸ್ಟೆಲ್‌ದಾಗ ಅಡಗಿ ಮಾಡ್ತಾರಲ್ರೀ!"

"ಏ ಅಂಜನಾ, ವಾರ್ಡನ್ ಅಂದಿದ್ದಿ ಅಲ್ಲೇನ?" ಅಂದ ಮಲ್ಲು. ಹಾಲ್ ತುಂಬ ನಗು. ನಾನೂ ನಕ್ಕೆ. ದವಡೆ ಇನ್ನೂ ನೋಯುತ್ತಿದೆ.

ನನ್ನ ಚೀಟಿ ಓದಿದ್ದಾಳೆ. ಇಲ್ಲದಿದ್ದರೆ ಹೇಗೆ ಗೊತ್ತು? ಬಿಡುವುದಿಲ್ಲ. ಸತ್ತರೂ ಬಿಡುವುದಿಲ್ಲ ಅವಳನ್ನು.

ನವೆಂಬರ್ 10, ಭಾನುವಾರ. ಮಧ್ಯಾಹ್ನ

ಬಲಿಪೂಜೆಗೆ ಹೋಗಿದ್ದೆ. ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ಬಾಯಿ ಮುಚ್ಚಿಕೊಂಡೆ. ದೇವರ ಮುಂದೆ ಸುಳ್ಳು ಹೇಳಬಾರದಲ್ಲ. ಎರಡು ಸಾಲು ಮುಂದೆ ಪ್ರೀತಿಯ ಜಡೆ. ಪೂಜೆ ಮುಗಿಯುವವರೆಗೂ ಅದನ್ನೇ ನೋಡಿದೆ.

ಅವ್ವನ ಫೋನ್. "ಈ ಐತವಾರನೂ ಬರಂಗಿಲ್ಲೇನ? ಯಾಡ್ ತಿಂಗಳ ಆಯ್ತಲ್ಲ ಯವ್ವಾ."

"ಇಂಟರ್ನಲ್ಸ್ ಅವ."

"ಆಗ್ಲಿ. ಛಲೋ ಓದು. ಮತ್ತ ಇಲ್ಲಿ ನಿಮ್ಮ ಬಳಗದ ಒಂದು ಹುಡುಗಿ..."

"ಬಳಗದ ಮಾತು ಎತ್ತಬ್ಯಾಡ ಅವ್ವಾ!" ಅಂತ ಕಟ್ ಮಾಡಿದೆ.

ನವೆಂಬರ್ 23, ಶನಿವಾರ

ಗಡಿಗೆಯ ಕೆಲಸ ಕೇಳಿ ಪಡೆದೆ. ಚೀಟಿ ಕೂಡಿಸುವುದು, ಕಾಯುವುದು, ಸುಡುವುದು. "ಅಂಜನಾ ತಾನೇ ಸೇವಾಕ್ಕ ಬಂದಾಳ, ನೋಡ್ರಿ!" ಅಂತ ಸಿಸ್ಟರ್ ಎಲ್ಲರೆದುರು ಬೆನ್ನು ತಟ್ಟಿದರು. ತಟ್ಟಲಿ.

ಪ್ಲ್ಯಾನ್ ಸರಳ. ಪ್ರೀತಿ ಬರೆಯುವುದು ಹಸಿರು ಪೆನ್ನಿನಲ್ಲಿ. ಬಳಗದಲ್ಲಿ ಬೇರೆ ಯಾರ ಹತ್ತಿರವೂ ಹಸಿರು ಇಲ್ಲ. ದೊಡ್ಡ ಸೋಶಿಯಲ್ ಒಂದು ಬರಲಿ. ಅವಳ ಚೀಟಿ ತೆಗೆದು ಮೈಕಿನಲ್ಲಿ ಓದುತ್ತೇನೆ. "ಇದು ಯಾರ ಪ್ರಾರ್ಥನೆ, ಗುರುತಿಸಿ!" ಅಂತ. ಆಟವೇ ಅಲ್ಲವೇ? ಅವಳು ಆಡಿದ್ದೂ ಆಟವೇ ತಾನೆ?

ಮೊದಲೇ ಓದಿ ನೋಡುವುದಿಲ್ಲ. ಎಲ್ಲರ ಜೊತೆಗೇ ಬಿಚ್ಚಿ, ಎಲ್ಲರ ಜೊತೆಗೇ ನಗಬೇಕು.

ಡಿಸೆಂಬರ್ 1, ಭಾನುವಾರ

ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಶುರು. ಮೊದಲ ಮೇಣಬತ್ತಿ ಹಚ್ಚಿದರು. ಕ್ರಿಸ್ಮಸ್ ಸೋಶಿಯಲ್ ಹದಿನಾಲ್ಕಕ್ಕೆ. ಎಲ್ಲಿ? ಕಮಲಾಪುರದಲ್ಲಿ! ಅಲ್ಲಿನ ಪ್ರಾರ್ಥನಾಲಯದ ಜನರ ಜೊತೆ ಹಾಡು, ಆಟ, ಊಟ. ಹಾಸ್ಟೆಲಿನ ಅಡುಗೆಮನೆ ಪ್ರಾರ್ಥನಾಲಯಕ್ಕೆ ಅಂಟಿಕೊಂಡೇ ಇದೆ. ಅಡುಗೆ ಯಾರದು? ಅವ್ವನದು. ಐಡಿಯಾ ಯಾರದು? ಪ್ರೀತಿಯದು.

ಒಮ್ಮೆ ತಿವಿದದ್ದು ಸಾಲಲಿಲ್ಲ ನೋಡು ಆಕೆಗೆ. ಕರೆದುಕೊಂಡು ಹೋಗಿ ತೋರಿಸಬೇಕಂತೆ.

ಅವ್ವನಿಗೆ ಫೋನ್ ಮಾಡಿ ಹೇಳಿದೆ — ಅವತ್ತು ಹೊರಗ ಬರಬ್ಯಾಡ, ಅಡಗಿ ಮನ್ಯಾಗೇ ಇರು, ಬಡಿಸಾಕ ಬ್ಯಾರೇರನ್ನ ಕಳಸು.

"ಆಯ್ತ ಬಿಡವಾ," ಅಂದಳು.

ಡಿಸೆಂಬರ್ 7

ಪಾಪನಿವೇದನೆ ಮಾಡಿಬಂದೆ. ಸುಳ್ಳು, ಸೋಮಾರಿತನ, ರೂಮ್‌ಮೇಟಿನ ಶಾಂಪೂ ಕದ್ದದ್ದು — ಎಲ್ಲ ಹೇಳಿದೆ. ಇದೊಂದನ್ನು ಹೇಳಲಿಲ್ಲ. ಇನ್ನೂ ಮಾಡಿಲ್ಲವಲ್ಲ. ಮಾಡಿದ ಮೇಲೆ ಒಟ್ಟಿಗೆ ಹೇಳಿದರಾಯಿತು, ಹದಿನೈದಕ್ಕೆ.

ಕನ್ನಡಿ ಮುಂದೆ ಪ್ರ್ಯಾಕ್ಟೀಸ್. ನಗುತ್ತಾ ಓದಬೇಕು.

ಡಿಸೆಂಬರ್ 14, ಶನಿವಾರ. ಬೆಳಿಗ್ಗೆ 11.15. ಕಮಲಾಪುರ

ಪ್ರಾರ್ಥನಾಲಯದ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಗಡಿಗೆ ತೊಡೆಯ ಮೇಲೆ. ಬಂದವರಿಗೆಲ್ಲ ಕೆಂಪು ಬಾಳೆಹಣ್ಣು ಕೊಟ್ಟರು. ಮಲ್ಲು ಐದು ತಿಂದು ಆರನೆಯದಕ್ಕೆ ಕೈ ಚಾಚಿದ್ದಾನೆ. ಅವ್ವ ಅಡುಗೆಮನೆಯಲ್ಲೇ ಇದ್ದಾಳೆ. ಹೇಳಿದ ಮಾತು ಕೇಳಿದಳು. ನಾನು ಒಳಗೆ ಹೋಗಲಿಲ್ಲ.

ಆದರೆ ಅಡುಗೆಮನೆಯ ಹೊಸ್ತಿಲ ಮೇಲೆ ಯಾರು ಕೂತದ್ದು? ಮಹಾರಾಣಿ. ಮೊಣಕಾಲ ಮೇಲೆ ಹಾಳೆ, ಕೈಯಲ್ಲಿ ಹಸಿರು ಪೆನ್ನು. ಬರೆಯುತ್ತಾಳೆ, ಒಳಗೆ ನೋಡುತ್ತಾಳೆ, ಮತ್ತೆ ಬರೆಯುತ್ತಾಳೆ. ಇಷ್ಟುದ್ದ ಏನು ಬೇಡುತ್ತಾಳೋ.

ಬಂದಳು. ಚೀಟಿ ಹಾಕಿದಳು. "ಜೋಪಾನ ಅಂಜನಾ," ಅಂದಳು.

ಜೋಪಾನವೇ! ಆಕೆ ಅತ್ತ ಹೋದೊಡನೆ ತೆಗೆದು ನನ್ನ ವೇಲಿನ ಅಂಚಿಗೆ ಕಟ್ಟಿಕೊಂಡೆ. ಇನ್ನು ಎರಡು ಗಂಟೆ.

ಡಿಸೆಂಬರ್ 17, ಮಂಗಳವಾರ

ಮೂರು ದಿನ ಆಯಿತು. ಕಾಲೇಜಿಗೆ ಹೋಗಿಲ್ಲ. ಬರೆದರೆ ಎದೆ ಹಗುರಾದೀತು ಅನಿಸುತ್ತಿದೆ. ಬರೆಯುತ್ತೇನೆ.

ಅವತ್ತು ಊಟದ ಮುಂಚಿನ ಆಟ. ಸಿಸ್ಟರ್ ಹೊರಗೆ ಮಕ್ಕಳಿಗೆ ಸ್ಟಾರ್ ಕಟ್ಟಿಸುತ್ತಿದ್ದರು. ನಾನು ಮೈಕ್ ತಗೊಂಡೆ. "ಹೊಸಾ ಆಟ! ಇದು ಯಾರ ಪ್ರಾರ್ಥನೆ, ಗುರುತಿಸಿ!" ಅಂದೆ. ಕೆಲವರು ಓ ಅಂದರು, ಕೆಲವರು ಚೀಟಿ ಓದಬಾರದಲ್ಲ ಅಂದರು. ವೇಲಿನಿಂದ ಬಿಚ್ಚಿ ಹಸಿರು ಶಾಯಿ ಎಲ್ಲರಿಗೂ ಕಾಣುವಂತೆ ಹಿಡಿದೆ.

ಪ್ರೀತಿ ಎದ್ದು ನಿಂತಳು. ಮುಖ ಬಿಳಚಿಕೊಂಡಿತ್ತು. "ಬ್ಯಾಡ ಅಂಜನಾ. ಕೈ ಮುಗೀತೀನಿ, ಅದನ್ನ ಓದಬ್ಯಾಡ!"

ಆ ಕ್ಷಣದ ಖುಷಿಯನ್ನು ಸುಳ್ಳು ಅನ್ನಲಾರೆ. ಎದೆ ತುಂಬಿ ಬಂದಿತ್ತು. ಇನ್ನೂ ಗಟ್ಟಿಯಾಗಿ, ರಾಗ ಎಳೆದು ಓದಿದೆ —

"ಯೇಸುಸ್ವಾಮಿ, ನನ್ನ ಮಗಳಿಗೆ ನಂದು ನಾಚಿಕಿ ಅದ..."

"ಲೇ, ಪ್ರೀತಿಗಿ ಮಗಳು ಯಾವಾಗ ಹುಟ್ಟಿದಳಪಾ?" ಅಂತ ಮಲ್ಲು ಕೂಗಿದ. ಎಲ್ಲ ಬಿದ್ದು ಬಿದ್ದು ನಕ್ಕರು. ಆ ನಗುವಿನ ಓಟದಲ್ಲಿ ನನ್ನ ಬಾಯಿಯೂ ಓಡಿತು.

"...ಆ ನಾಚಿಕಿ ಆಕಿ ಮನಸಿನ್ಯಾಗಿಂದ ತಗೀ. ಇಲ್ಲಂದ್ರ ನನಗ ವಾರ್ಡನ್ ಮಾಡು. ನನ್ನ ಮಗಳು ಸುಳ್ಳುಗಾರ್ತಿ ಆಗಬಾರದು."

ನಗು ನಿಂತಿತು. ನನ್ನ ಧ್ವನಿ ಮಾತ್ರ ಸ್ಪೀಕರಿನಲ್ಲಿ ಒಂದು ಸಲ ತಿರುಗಿ ಬಂತು. ಮೈಕ್ ಅಡುಗೆಮನೆಗೂ ಕೇಳುತ್ತದೆ ಅಂತ ನನಗೆ ನೆನಪೇ ಇರಲಿಲ್ಲ. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದಳು. ಮೊಣಕೈತನಕ ಹಿಟ್ಟು. ಹೊರಗೆ ಬರಬೇಡ ಅಂದಿದ್ದೆನಲ್ಲ, ಹೊಸ್ತಿಲಲ್ಲೇ ನಿಂತಳು.

"ಆ ಹುಡುಗಿಗಿ ಏನ್ ಅನಬ್ಯಾಡ್ರಿ," ಅಂದಳು ಎಲ್ಲರಿಗೂ. "ಅದು ನಂದು ಚೀಟಿ. ನನಗ ಬರೀಲಾಕ ಬರಂಗಿಲ್ಲ. ಆಕಿ ಬರ್ದ ಕೊಟ್ಟಾಳ ಅಷ್ಟ. ಎಲ್ಲಾರೂ ಏಳ್ರಿ, ಊಟಕ್ಕ ಬರ್ರಿ."

ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂಡಲಿಲ್ಲ. ಕೊನೆಗೆ ಪ್ರೀತಿಯೇ ಬಂದು ಕೂತಳು. ಅಕ್ಟೋಬರಿನಿಂದ ಪ್ರತಿ ಭಾನುವಾರ ಬೆಳಗಿನ ಪೂಜೆ ಮುಗಿಸಿ ಕಮಲಾಪುರಕ್ಕೆ ಹೋಗಿ ಮಕ್ಕಳಿಗೆ ಕ್ಯಾಟೆಕಿಸಂನ ಧರ್ಮಪಾಠ ಹೇಳುತ್ತಾಳಂತೆ. ಅವ್ವ ಅವಳಿಗೆ ಊಟ ಹಾಕಿ, ರೊಟ್ಟಿ ಬಡಿಯುವುದನ್ನು ಕಲಿಸಿದ್ದಾಳೆ.

"ನಿನ್ನ ಚೀಟಿ ನಾ ಯಾಕ ಓದಲಿ? ನಿಮ್ಮವ್ವ ಅಂದ್ರ ನನಗ ಭಾಳ ಇಷ್ಟ, ಅದಕ್ಕ ಮಾಡಿ ತೋರಿಸಿದೆ. ನೀ ವಾರ್ಡನ್ ಅಂದಿದ್ದು ನನಗ ಗೊತ್ತೇ ಇದ್ದಿಲ್ಲ. ಆಮ್ಯಾಲ ಅವ್ವಾರ ಮುಂದ ಆ ಮಾತು ಬಾಯಿ ತಪ್ಪಿ ಹೇಳಿದೆ. ಅದು ನನ್ನ ತಪ್ಪು."

ನನ್ನ ಚೀಟಿಯಲ್ಲಿ ಶಿಲುಬೆ ಎಳೆಯುವ ಮಾತೇ ಇರಲಿಲ್ಲ. ಅವತ್ತೇ ಹೊಳೆಯಬೇಕಿತ್ತು. ಸಿಟ್ಟಿಗೆ ಅದೆಲ್ಲ ಎಲ್ಲಿ ಕಾಣಬೇಕು.

ಒಂದು ಮಾತು ಇಲ್ಲಾದರೂ ಖರೆ ಬರೆಯುತ್ತೇನೆ. ಪ್ರೀತಿಯ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅವ್ವ ಮನಸ್ಸು ಬಿಚ್ಚಿದ್ದು ಆಕೆಯ ಮುಂದೆ, ನನ್ನ ಮುಂದಲ್ಲ. ಮತ್ತೆ, ನಾನು ಫೋನ್ ಇಟ್ಟಾಗಲೆಲ್ಲ ಅವಳು ಯಾರ ಮುಂದೆ ಬಿಚ್ಚಬೇಕಿತ್ತು? ಈ ಸಿಟ್ಟು ತೀರಿಸಿಕೊಳ್ಳಲು ಹೋದರೆ ಸಿಗುವವಳು ನಾನೇ.

ಡಿಸೆಂಬರ್ 21, ಶನಿವಾರ. ಕಮಲಾಪುರ

ಬೆಳಗಿನ ಬಸ್ಸಿಗೆ ಬಂದೆ. ಅವ್ವ ಒಲೆ ಮುಂದೆ ಇದ್ದಳು. ಕಾಲು ಹಿಡಿದೆ. "ಏಳ್, ಹಿಟ್ಟು ಹತ್ತತದ," ಅಂದಳು. ಬೈಯಲಿಲ್ಲ. ಎರಡು ಏಟು ಹಾಕಿದ್ದರೆ ಎಷ್ಟೋ ಆರಾಮಾಗುತ್ತಿತ್ತು. ಕೂರಿಸಿ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿದಳು. ತಿಂದೆ. ತಿನ್ನುವಾಗ ಕೇಳಿದಳು —

"ಆ ಚೀಟಿ ಸುಟ್ಟೀಯೇನ?"

ಇಲ್ಲ ಅಂದೆ. ಅವತ್ತು ಗಡಿಗೆಗೆ ಬೆಂಕಿಯನ್ನೇ ಹಚ್ಚಲಿಲ್ಲ. ಆ ಚೀಟಿ ಎಲ್ಲಿ ಬಿತ್ತೋ ನನಗೆ ಗೊತ್ತಿಲ್ಲ.

"ಹಂಗಾದ್ರ ದೇವ್ರಿಗಿ ಮುಟ್ಟೇ ಇಲ್ಲ," ಅಂದಳು. ಅವಳಿಗೆ ಅದೊಂದೇ ಚಿಂತೆ. ಮಂದಿ ನಕ್ಕದ್ದಲ್ಲ, ನಾನು ಓದಿದ್ದಲ್ಲ. ಕೈ ಒರೆಸಿಕೊಂಡು ಗೂಡಿನಿಂದ ಒಂದು ಹಾಳೆ ತಂದು ನನ್ನ ಮುಂದೆ ಇಟ್ಟಳು.

"ನೀನೇ ಬರದು ಕೊಡು. ಒಲ್ಯಾಗ ಹಾಕ್ತೀನಿ."

"ಏನ್ ಬರೀಲಿ ಅವ್ವಾ?"

"ಅವತ್ತಿಂದೇ ಬರಿ. ಇನ್ನಾ ಆಗಿಲ್ಲಲ್ಲ."

ಪಕ್ಕದಲ್ಲೇ ಕೂತಿದ್ದಾಳೆ. ನಾನು ಬರೆಯುತ್ತಿರುವುದು ಆ ಚೀಟಿಯನ್ನೇ ಅಂದುಕೊಂಡಿದ್ದಾಳೆ. ಹಾಳೆ ಇನ್ನೂ ಖಾಲಿ ಇದೆ, ಡೈರಿಯಲ್ಲಿ ಒಮ್ಮೆ ಬರೆದು ನೋಡುತ್ತಿದ್ದೇನೆ.

ಯೇಸುಸ್ವಾಮಿ, ನನ್ನ ಮಗಳಿಗೆ