ಸಾವನದುರ್ಗ ಹತ್ತದೆ ಬಂದ ದಿನ

ಕನಕಪುರ
18 ನವೆಂಬರ್ 2024

ಪ್ರೀತಿಯ ತಮ್ಮ ಕೆಂಪರಾಜುವಿಗೆ,

ಅಕ್ಕ ಪ್ರತಿಮಾಳ ಹಾರೈಕೆಗಳು. ನಿನ್ನ ಕಾಗದ ಕೈಸೇರಿ ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಹಾರೋಹಳ್ಳಿಯ ಗಾರ್ಮೆಂಟ್ಸಿನಲ್ಲಿ ಓಟಿ ಮೇಲೆ ಓಟಿ ಇತ್ತು ಎಂದು ಬರೆಯಬಹುದು, ಅದು ಸುಳ್ಳೂ ಅಲ್ಲ. ಆದರೆ ನಿಜ ಹೇಳಬೇಕೆಂದರೆ, ಬರೆಯಲು ಕೂತು ಕೂತು ಎದ್ದೆ.

ಜೈಲಿನಲ್ಲಿ ಕಣ್ಣು ಮುಚ್ಚಿದರೂ ಗೋಡೆಯೇ ಕಾಣುತ್ತದೆ ಎಂದು ನೀನು ಬರೆದಿದ್ದೆ. ವ್ಯಾನ್ ಓಡಿಸುತ್ತಿದ್ದಾಗ ಬೆಂಗಳೂರಿನವರನ್ನು ಒಂದೇ ದಿನದಲ್ಲಿ ಸುತ್ತಿಸಿಕೊಂಡು ಬರುತ್ತಿದ್ದೆಯಲ್ಲ, ಆ ದಾರಿಯಲ್ಲಿ ನಾನೊಂದು ಸಲ ಹೋಗಿ ಬಂದು, ಕಂಡದ್ದನ್ನೆಲ್ಲ ಬರೆಯಬೇಕೆಂದು ಕೇಳಿದ್ದೆ. ಹೋಗಿ ಬಂದೆನಪ್ಪ. ದೀಪಾವಳಿ ಕಳೆದ ಮೇಲಿನ ಭಾನುವಾರ ಹೋದೆ.

ಅಟ್ಟದ ಮೇಲಿದ್ದ ನಿನ್ನ ಬ್ಯಾಗನ್ನು ಇಳಿಸಿ ಒಗೆದು ಒಣಗಿಸಿದೆ. ಒಂದು ಬಾಟಲಿ ನೀರು, ಟವೆಲ್ಲು, ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಹಾಕಿ ಬೆನ್ನಿಗೇರಿಸಿಕೊಂಡೆ. ಪಕ್ಕದ ಮನೆಯ ಶಿವಲಿಂಗಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದವರು, ಈ ವಯಸ್ಸಿನಲ್ಲಿ ಯಾವ ಕಾಲೇಜಿಗೆ ಸೇರಿಕೊಂಡೆ ಎಂದು ಕೇಳಿದರು. ಕೆಂಪರಾಜು ಕಳಿಸಿದ್ದಾನೆ ಎಂದೆ. ಅವರು ಬಿಂದಿಗೆ ಎತ್ತಿಕೊಂಡು ಒಳಗೆ ಹೋದರು. ನಿನ್ನ ಹೆಸರೆತ್ತಿದರೆ ಬೀದಿಯಲ್ಲಿ ಈಗಲೂ ಹಾಗೆಯೇ.

ಮೊದಲ ಬಸ್ಸಿಗೆ ಸಾತನೂರಿನ ಮೇಲೆ ಚನ್ನಪಟ್ಟಣಕ್ಕೆ ಹೋದೆ. ಆ ಊರಿನ ವಿಷಯ ಆಮೇಲೆ ಬರೆಯುತ್ತೇನೆ. ಬರೆಯುವುದೋ ಬೇಡವೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿಂದ ರಾಮನಗರಕ್ಕೆ ಬಂದು ರಾಮದೇವರ ಬೆಟ್ಟಕ್ಕೆ ಆಟೋ ಹಿಡಿದೆ. ಆಟೋ ಅರ್ಧ ದಾರಿಯಲ್ಲಿ ಗ್ಯಾಸ್ ಮುಗಿದು ನಿಂತಿತು. ಉಳಿದದ್ದನ್ನು ನಡೆದೆ. ಮೆಟ್ಟಿಲ ಮೇಲೆ ಕೋತಿಯೊಂದು ಬ್ಯಾಗಿನ ದಾರ ಹಿಡಿದು ಎಳೆಯಿತು. ರೊಟ್ಟಿ ಕೊಟ್ಟ ಮೇಲೆಯೇ ಬಿಟ್ಟದ್ದು.

ರಣಹದ್ದು ಕಾಣುತ್ತದೋ ಇಲ್ಲವೋ ಎಂದುಕೊಂಡಿದ್ದೆ. ಕಂಡಿತು, ರಾಜು. ಎದುರಿನ ಬಂಡೆಯ ಮೇಲೆ ಸುಣ್ಣ ಸುರಿದ ಹಾಗೆ ಬಿಳಿಯ ಗೆರೆಗಳಿದ್ದವು. ಅವುಗಳ ಹತ್ತಿರದಿಂದ ಹದ್ದು ಎದ್ದು ಒಂದು ಸಲವೂ ರೆಕ್ಕೆ ಬಡಿಯದೆ ದೊಡ್ಡ ಸುತ್ತು ಹೊಡೆಯಿತು. ಅದರ ನೆರಳು ನಮ್ಮ ಮೇಲೆ ಹಾದು, ಬಂಡೆಯ ಮೇಲೆ ಹತ್ತಿ, ಇಳಿದು ಹೋಯಿತು. ಪಕ್ಕದಲ್ಲಿದ್ದ ಹುಡುಗಿಯರು ಫೋನು ಎತ್ತಿ ಹಿಡಿದರು. ನಾನು ಸುಮ್ಮನೆ ನೋಡಿದೆ. ಸತ್ತದ್ದನ್ನು ಮಾತ್ರ ತಿನ್ನುವ ಹಕ್ಕಿ, ಯಾವುದನ್ನೂ ಕೊಲ್ಲುವುದಿಲ್ಲ ಎಂದು ನೀನೇ ಪ್ರವಾಸಿಗರಿಗೆ ಹೇಳುತ್ತಿದ್ದೆಯಂತೆ. ಅದು ನೆನಪಾಗಿ ಅಲ್ಲೇ ಕಲ್ಲಿನ ಮೇಲೆ ಬಹಳ ಹೊತ್ತು ಕೂತೆ.

ಮಾಗಡಿಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರಿಗೆ ಟಿಕೆಟ್ಟಿಲ್ಲವಾದ ಮೇಲೆ ಎಲ್ಲ ಬಸ್ಸೂ ಮದುವೆ ದಿಬ್ಬಣದ ಹಾಗಿರುತ್ತದೆ. ನಡುದಾರಿಯಲ್ಲಿ ಕ್ಲಚ್ಚು ಹೋಗಿ ಎಲ್ಲರೂ ಇಳಿದೆವು. ಹಿಂದೆ ಬಂದ ಬಸ್ಸಿನಲ್ಲಿ ಒಂಟಿಕಾಲಿನಲ್ಲಿ ನಿಂತು ಮಾಗಡಿ ಸೇರಿದೆ. ಅಲ್ಲಿ ಸಾವನದುರ್ಗದ ಬಸ್ಸೆಂದು ಹತ್ತಿದ್ದು ಬೇರೆ ಬಸ್ಸು. ಬೋರ್ಡು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಕಂಡಕ್ಟರು ಗುಡೇಮಾರನಹಳ್ಳಿ ಎಂದು ಕೂಗಿದಾಗಲೇ ಎಚ್ಚರವಾದದ್ದು. ಅಲ್ಲೇ ಇಳಿದೆ. ಹೊಲಗಳಲ್ಲಿ ರಾಗಿ ಕೊಯ್ಲು ನಡೆದಿತ್ತು. ಸಾಲುಗಳ ನಡುವೆ ಅವರೆ ಹೂ ಬಿಟ್ಟಿತ್ತು. ಆ ಸೊಗಡನ್ನು ಕಾಗದದಲ್ಲಿ ಹೇಗೆ ಕಳಿಸಲಿ?

ವಾಪಸ್ಸು ಬಸ್ಸು ಸದ್ಯಕ್ಕಿಲ್ಲ ಎಂದರು. ಹಾಲಿನ ಕ್ಯಾನು ತುಂಬಿದ್ದ ಗೂಡ್ಸ್ ಆಟೋದವರು, ರಾಮಲಿಂಗಯ್ಯ ಎಂದು ಹೆಸರು, ಮಾಗಡಿಯವರೆಗೆ ಕೂರಿಸಿಕೊಂಡರು. ವಯಸ್ಸಾದವರು, ಮಾತು ಕಡಿಮೆ. ಸ್ವಲ್ಪ ದೂರ ಬಂದಿದ್ದೆವು. ರಸ್ತೆಯ ತಿರುವಿನಲ್ಲಿ ಒಬ್ಬ ಮನುಷ್ಯ ಬೈಕಿನ ಸಮೇತ ಬಿದ್ದಿದ್ದ. ತಲೆಯಿಂದ ರಕ್ತ. ನಾಲ್ಕಾರು ಜನ ಸುತ್ತ ನಿಂತಿದ್ದರೂ ಯಾರೂ ಮುಟ್ಟಿರಲಿಲ್ಲ. ರಾಮಲಿಂಗಯ್ಯ ಗಾಡಿ ನಿಲ್ಲಿಸಿ ಇಳಿದು ಅವನ ಮೂಗಿನ ಹತ್ತಿರ ಕೈ ಹಿಡಿದರು. ನಿಂತಿದ್ದವನೊಬ್ಬ, ಸುಮ್ಮನೆ ಕೇಸು ಮೈಮೇಲೆ ಬರುತ್ತದೆ, ಬಿಟ್ಟು ಹೋಗಿ ಎಂದ. ಅವರು ತಲೆಯೆತ್ತಿ ನೋಡಲೂ ಇಲ್ಲ.

"ಕೇಸಾದ್ರೆ ಆಗ್ಲಿ. ಉಸ್ರು ಐತೆ ಕಣಯ್ಯ, ಕಾಲು ಹಿಡ್ಕೊ" ಅಂದರು.

ಕ್ಯಾನುಗಳನ್ನೆಲ್ಲ ರಸ್ತೆಬದಿಗೆ ಇಳಿಸಿದರು. ಯಾರದ್ದೋ ಮನೆಯ ಹಾಲು, ಬಿಸಿಲಿನಲ್ಲಿ ಹಾಗೇ ನಿಂತಿತು. ನಾನು ಹಿಂದೆ ಕೂತು ಆ ಮನುಷ್ಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಟವೆಲ್ಲನ್ನು ಒತ್ತಿ ಹಿಡಿದೆ. ಕರಿಯಪ್ಪ ಎಂದು ಹೆಸರು ಹೇಳಿದ. ನಿದ್ದೆ ಹೋಗಬೇಡ, ಮಾತಾಡುತ್ತಿರು ಎಂದು ನಾನು ಬೇಡಿಕೊಳ್ಳುತ್ತಲೇ ಇದ್ದೆ. ಅವನು ತನ್ನ ಹಸು ಕರು ಹಾಕುವುದರಲ್ಲಿದೆ, ಮನೆಯಲ್ಲಿ ಯಾರೂ ಇಲ್ಲ ಎಂಬುದನ್ನೇ ಮತ್ತೆ ಮತ್ತೆ ಹೇಳಿದ. ಮಾಗಡಿಯ ಆಸ್ಪತ್ರೆಯಲ್ಲಿ ಒಳಗೆ ಕರೆದುಕೊಂಡು ಹೋದರು. ಸುದ್ದಿ ತಿಳಿದ ಅವನ ಹೆಂಡತಿ ಕೊಯ್ಲಿನ ಹೊಲದಿಂದ ಓಡಿ ಬರುವವರೆಗೂ ನಾವಿಬ್ಬರೂ ಬೆಂಚಿನ ಮೇಲೆ ಕೂತಿದ್ದೆವು. ಆಕೆ ನನ್ನ ಸೀರೆಯ ಮೇಲಿನ ರಕ್ತ ನೋಡಿ ನನ್ನನ್ನೇ ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. ಅಷ್ಟು ಯಾಕೆ ಅತ್ತೆನೆಂದು ಆಕೆಗೆ ಗೊತ್ತಾಗುವ ಹಾಗಿರಲಿಲ್ಲ.

ಕರಿಯಪ್ಪ ಬದುಕಿದ್ದಾನೆ. ಮೊನ್ನೆ ರಾಮಲಿಂಗಯ್ಯನವರೇ ಫೋನು ಮಾಡಿ ತಿಳಿಸಿದರು.

ಆಸ್ಪತ್ರೆಯಿಂದ ಹೊರಗೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ನೀನು ಮುಖ್ಯವಾಗಿ ಕೇಳಿದ್ದು ಸಾವನದುರ್ಗದ ನೆತ್ತಿಯಿಂದ ಏನು ಕಾಣುತ್ತದೆ ಎಂಬುದನ್ನು. ಹತ್ತಲು ಹೊತ್ತಿರಲಿಲ್ಲ, ಅದನ್ನು ಹೇಳಲಾರೆ. ರಾಮನಗರಕ್ಕೆ ವಾಪಸ್ಸು ಬರುವಾಗ ಕಿಟಕಿಯಿಂದ ಕಂಡೆ. ಇಡೀ ಬೆಟ್ಟ ಒಂದೇ ಕಲ್ಲು, ಸಂಜೆಯ ಬೆಳಕಿಗೆ ಕೆಂಪಗಾಗಿತ್ತು, ಮಳೆ ಇಳಿದ ಕಪ್ಪು ಗೆರೆಗಳು ಮೇಲಿನಿಂದ ಕೆಳಗಿನವರೆಗೂ ಇದ್ದವು. ಬಸ್ಸು ತಿರುಗಿತು, ಬೆಟ್ಟ ಹಿಂದಾಯಿತು. ಇದಿಷ್ಟೇ ನಾನು ಕಂಡದ್ದು. ಕನಕಪುರದ ಬಸ್ಸು ಸಿಕ್ಕಿತು, ಮನೆ ಸೇರಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೆಮ್ಮಿಗೆ ಮಾತ್ರೆ ಕೇಳಿ ತೆಗೆದುಕೊ. ಯಾರ ಜೊತೆಗೂ ಜಗಳಕ್ಕೆ ಹೋಗಬೇಡ. ಸಂಕ್ರಾಂತಿ ಕಳೆದರೆ ಹೊರಗೆ ಬರುತ್ತೀಯ. ಕಬ್ಬಾಳಮ್ಮ ತಾಯಿ ನಿನಗೆ ಆರೋಗ್ಯವನ್ನೂ, ಮುಂದೆ ನಡೆಯುವ ದಾರಿಗೆ ಒಳ್ಳೆಯ ಬುದ್ಧಿಯನ್ನೂ ಕೊಡಲಿ. ಹೆತ್ತವರಿಲ್ಲದ ಮನೆಯಲ್ಲಿ ಈ ಆಶೀರ್ವಾದ ಮಾಡುವವಳು ನಾನೊಬ್ಬಳೇ. ತಲೆಬಾಗಿ ತೆಗೆದುಕೊ.

ನಿನ್ನ ಅಕ್ಕ,
ಪ್ರತಿಮಾ

ಬರೆಯದೆ ಬಿಟ್ಟಿದ್ದು: ಕಾಗದವನ್ನು ಲಕೋಟೆಗೆ ಹಾಕಿದವಳು, ಇದನ್ನೂ ಬರೆಯಲು ಮತ್ತೆ ತೆಗೆದೆ. ಚನ್ನಪಟ್ಟಣದಲ್ಲಿ ನಾನು ಬೊಂಬೆ ನೋಡಲು ಇಳಿಯಲಿಲ್ಲ. ನಿನ್ನ ವ್ಯಾನಿಗೆ ಸಿಕ್ಕಿ ತೀರಿಹೋದ ಮತೀನ್ ಅವರ ಮನೆ ಕೇಳಿಕೊಂಡು ಹೋದೆ. ನೀನು ಹೊರಗೆ ಬರುವ ಮೊದಲು ಆ ಮನೆಯವರ ಮುಂದೆ ಒಂದು ಸಲ ನಿಲ್ಲಬೇಕು ಅನ್ನಿಸಿತ್ತು.

ಅವರ ಹೆಂಡತಿ ನೂರೀನ್ ಬಾಗಿಲಲ್ಲೇ ಕೂತು ಮರದ ಕುದುರೆಗಳಿಗೆ ಕಣ್ಣು ಬರೆಯುತ್ತಿದ್ದರು. ನಾನು ಯಾರೆಂದು ಹೇಳಿದೆ. ಕುಂಚ ಕೆಳಗಿಟ್ಟರು. ಬೈಯುತ್ತಾರೆ, ಬಾಗಿಲು ಹಾಕುತ್ತಾರೆ ಎಂದುಕೊಂಡೆ. ಚಾಪೆ ಹಾಕಿದರು. ಏನು ಮಾತಾಡಬೇಕೋ ತಿಳಿಯದೆ ನಾನು, ನೀನು ನನಗೆ ಹೇಳಿದ್ದನ್ನೇ ಅವರಿಗೆ ಸಮಾಧಾನವೆಂದು ಹೇಳಿದೆ: ಅವರು ನರಳಲಿಲ್ಲ, ಆ ಕ್ಷಣದಲ್ಲೇ ಹೋದರು, ನಿಲ್ಲಿಸಿದರೂ ಮಾಡುವುದೇನಿರಲಿಲ್ಲ ಎಂದು.

ಆಕೆ ನನ್ನ ಮುಖವನ್ನೇ ನೋಡಿದರು.

"ಯಾರು ಹೇಳಿದ್ರು ಅಕ್ಕ? ತೋಟಕ್ಕೆ ನೀರು ಬಿಡೋಕೆ ಬಂದವ್ರು ನೋಡಿದಾಗ ಇವ್ರು ಇನ್ನೂ ನೀರು ಕೇಳ್ತಾ ಇದ್ರು. ನಿಮ್ ತಮ್ಮ ಇಳಿದು, ಬಗ್ಗಿ ನೋಡಿ, ಗಾಡಿ ಹತ್ತಿ ಹೋದ್ರಂತೆ. ಕೋರ್ಟಲ್ಲಿ ಎಲ್ಲಾ ಹೇಳಿದ್ರಲ್ಲ."

ಕೋರ್ಟಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಿದರು ರಾಜು, ನನಗೆ ತಿಳಿದದ್ದು ನೀನು ಹೇಳಿದಷ್ಟೇ. ಆಕೆ ಶಾಪ ಹಾಕಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ನಾನು ಎದ್ದಾಗ ಮತ್ತೆ ಕುಂಚ ತೆಗೆದುಕೊಂಡರು. ಅಲ್ಲಿಂದ ಮುಂದೆ ಕಂಡದ್ದನ್ನೆಲ್ಲ ಆ ಮಾತನ್ನು ಹೊತ್ತುಕೊಂಡೇ ಕಂಡೆ.

ಬಗ್ಗಿ ನೋಡಿದಾಗ ಅವರಿಗೆ ಉಸಿರಿರುವುದು ನಿನಗೆ ತಿಳಿಯಿತೇ? ಕಾಗದದಲ್ಲಿ ಬರೆಯಬೇಡ. ನೀನು ಬರುವ ದಿನ ಗೇಟಿನ ಹೊರಗೆ ನಾನು ಇದ್ದೇ ಇರುತ್ತೇನೆ, ಉತ್ತರ ಏನೇ ಇರಲಿ. ಮನೆಯವರೆಗೆ ಇಬ್ಬರೂ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಬರಬೇಕಲ್ಲ, ಆಗ ಹೇಳು.