ಕಪ್ಪುಗೋಟೆಯ ಹಾಲುನಂಟು

ಸ್ಫಾಕ್ಸ್, ನವೆಂಬರ್ ೧೪

ಗೆಳೆಯ ಲಜ್‌ಹರ್,

ಸಲಾಮು. ನಿನ್ನ ಮಂಡಿನೋವು, ನಿನ್ನ ಮನೆಯಾಕೆ ಹಬೀಬಾ ತಂಗಿಯ ಸಕ್ಕರೆ ಕಾಯಿಲೆ ಎರಡೂ ಹದ್ದುಬಸ್ತಿನಲ್ಲಿವೆಯೆಂದು ನಂಬಿದ್ದೇನೆ. ಎರಡು ವರ್ಷ ಬರೆಯದೆ ಇದ್ದದ್ದಕ್ಕೆ ಕ್ಷಮಿಸು. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ.

ನನ್ನ ವಿಡಿಯೋ ಗೇಮ್ ಅಂಗಡಿ ನಡೆಯುತ್ತಿದೆ. ಗಿರಾಕಿಗಳನ್ನು ಕಂಡರೆ ಮಾತ್ರ ಹೇಸಿಗೆ. ‘ಕಪ್ಪುಗೋಟೆ’ ಅಂತ ಒಂದು ಆಟ. ಪಾಳುಕೋಟೆ, ರಕ್ತ ಹೀರುವ ದೊರೆ, ಅವನ ಮಗಳು ಇರೀನಾ, ಅವಳನ್ನು ಪ್ರೀತಿಸುವ ಬೇಟೆಗಾರ ಸೆವೆರಿನ್. ಐದು ಭಾಗ ಬಂದರೂ ಅವರಿಬ್ಬರ ಮದುವೆಯಾಗಿಲ್ಲ. ಯಾಕಾಗಿಲ್ಲ ಅನ್ನುವುದೇ ಈ ಮೀಸೆ ಹೊತ್ತ ಗಂಡಸರ ಕಸುಬು. ಯಾರು ಯಾರಿಗೆ ಹುಟ್ಟಿದರು ಅಂತ ನನ್ನ ಗೋಡೆ ತುಂಬ ವಂಶವೃಕ್ಷ ಅಂಟಿಸಿದ್ದಾರೆ. ಸ್ವಂತ ಮುತ್ತಜ್ಜನ ಹೆಸರು ಕೇಳು, ಬಾಯಿ ಬಾಯಿ ಬಿಡುತ್ತಾರೆ.

ಕಳೆದ ವಾರ ಬ್ಯಾಂಕಿನ ಶುಕ್ರಿ ಎರಡನೇ ಭಾಗದಲ್ಲೊಂದು ಚಿತ್ರಪಟ ಹುಡುಕಿ ತೆಗೆದ. ಒಬ್ಬಳೇ ದಾದಿ, ಎರಡು ತೊಟ್ಟಿಲು.

“ಮುಗೀತಲ್ಲಪ್ಪ! ಇಬ್ರೂ ಒಂದೇ ಎದೆಹಾಲು ಕುಡಿದೋರು, ಅಣ್ಣ-ತಂಗಿ. ಮದುವೆ ಹೆಂಗಾಗುತ್ತೆ?” ಅಂದ.

“ಎಷ್ಟು ಸಲ ಕುಡಿಸಿದ್ಲು, ಸಾಕ್ಷಿ ಎಲ್ಲಿ?” ಅಂದ ಔಷಧದಂಗಡಿಯ ನಿಝಾರ್.

“ನಮ್ಮ ಕಡೆಯ ಧರ್ಮಶಾಸ್ತ್ರಕ್ಕೆ ಒಂದು ಗುಟುಕು ಸಾಕು ಮಾರಾಯ.”

“ಆ ದಾದೀನೂ ರಕ್ತ ಹೀರೋಳೇ. ಅವಳೆದೇಲಿ ಬಂದದ್ದು ಹಾಲೋ, ರಕ್ತವೋ?”

ಥೂ! ಹರೀಸಾ ಖಾರದ ಚಟ್ನಿ ಮೆತ್ತಿದ ಬೆರಳನ್ನು ಪರದೆಯ ಮೇಲಿನ ಹೆಂಗಸಿನ ಎದೆಗೇ ಇಟ್ಟು ವಾದ. “ಆಟ ಮಾಡಿದ ಪರದೇಶಿಗಳಿಗೆ ಹಾಲುನಂಟು ಅನ್ನೋದೇ ಗೊತ್ತಿಲ್ಲ ಕಣ್ರೋ” ಅಂದೆ. ಯಾರು ಕೇಳಬೇಕು?

ಆಗ ಗಲ್ಲಾದಲ್ಲಿ ಕೂತಿದ್ದ ಎಮ್ನಾ ತಲೆಯೆತ್ತಿದಳು. ನಿನ್ನ ಮಗ ಅನೀಸ್ ಜತೆಗಿನ ನಿಶ್ಚಿತಾರ್ಥ ಮುರಿದಾಗಿನಿಂದ ಮಗಳು ನನ್ನೊಂದಿಗೆ ನೆಟ್ಟಗೆ ಮಾತಾಡಿಲ್ಲ. ಹಬೀಬಾ ಆಸ್ಪತ್ರೆಯಲ್ಲಿದ್ದಾಗ ನನ್ನ ಹೆಂಡತಿ, ದೇವರು ಅವಳಿಗೆ ಶಾಂತಿ ಕೊಡಲಿ, ಎಮ್ನಾಳ ಜತೆ ಹಸುಳೆ ಅನೀಸ್‌ಗೂ ಹಾಲೂಡಿಸಿದ್ದಳೆಂದು ನನ್ನಮ್ಮ ಹೇಳಿದ್ದೇ ತಡ, ಎಲ್ಲ ಮುಗಿದಿತ್ತಲ್ಲ.

“ತೊಟ್ಟಿಲು ಎರಡು ಕಾಣ್ತವೆ. ಹಾಲು ಕುಡಿಸಿದ್ದನ್ನ ಯಾರು ಕಂಡೋರು?” ಅಂದಳು. “ಹೇಳಿದ್ದು ಮುದುಕಿ. ಹೇಳಿಸಿದ್ದು ಅಪ್ಪ.”

ಶುಕ್ರಿ ಚಪ್ಪಾಳೆ ತಟ್ಟಿದ. “ಭಲೇ ಎಮ್ನಾ! ದೊರೆ ಹೇಳಿಸಿದ್ದಾ? ಯಾಕಂತೆ?”

ಅವಳು ನನ್ನ ಮುಖ ನೋಡಿಯೇ, “ಅವನನ್ನೇ ಕೇಳ್ಬೇಕು” ಅಂದಳು.

ಹೊಸ ಸಿದ್ಧಾಂತ ಸಿಕ್ಕಿತೆಂದು ಅಂಗಡಿಯೇ ಕುಣಿಯಿತು. ನಾನು ಕಾಫಿ ಕಾಯಿಸುವ ನೆಪದಲ್ಲಿ ಒಳಗೆ ಹೋಗಿ ಒಲೆಯನ್ನೂ ಹಚ್ಚದೆ ನಿಂತೆ. ಈ ಸಲದ ಹೇಸಿಗೆ ಗಿರಾಕಿಗಳ ಮೇಲಿನದಲ್ಲ.

ಹಬೀಬಾಗೆ ನನ್ನ ಸಲಾಮು. ನಿನ್ನ ಮನೆಗೆ, ಮಗನಿಗೆ ದೇವರ ಬರಕತ್ತಿರಲಿ.

ನಿನ್ನವನಾಗಿದ್ದ,
ಮೊಂಜಿ

ಸಹಿ ಹಾಕಿದ ಮೇಲೆ: ಹಬೀಬಾ ಆಸ್ಪತ್ರೆಯಲ್ಲಿದ್ದ ಆ ನಾಲ್ಕು ದಿನ ಅನೀಸ್ ಕುಡಿದದ್ದು ಡಬ್ಬದ ಪುಡಿಹಾಲು. ಬಾಟಲಿ ಹಿಡಿದವನು ನಾನೇ. ನಿಶ್ಚಿತಾರ್ಥದ ಮೇಲೆ ಎಮ್ನಾಳಿಗೆ ಒಬ್ಬ ದಂತವೈದ್ಯನ ಸಂಬಂಧ ಬರುವ ಹಾಗಿತ್ತು. ಅಮ್ಮನ ಕಾಲು ಹಿಡಿದು ಆ ಮಾತು ಹೇಳಿಸಿದೆ. ದಂತವೈದ್ಯ ಬರಲಿಲ್ಲ, ಅಮ್ಮ ಆ ಸುಳ್ಳು ಹೊತ್ತುಕೊಂಡೇ ಮಣ್ಣಿಗೆ ಹೋದಳು. ಇದನ್ನು ನಿಮ್ಮ ಇಮಾಮರಿಗೆ ತೋರಿಸು, ಹಾಲುನಂಟು ಇಲ್ಲವೆಂದು ಅವರೇ ಹೇಳಲಿ. ಅನೀಸ್‌ಗೆ ಇನ್ನೂ ಮದುವೆಯಾಗಿಲ್ಲ ತಾನೇ? ಅದನ್ನು ತಿಳಿಯದೆ ಎಮ್ನಾಳ ಮುಂದೆ ನಿಲ್ಲುವ ಧೈರ್ಯ ನನಗಿಲ್ಲ.