ಎರಡನೆಯ ಗಾಜು

ಅಪ್ಪಾ,

ನೀನು ಅರ್ಧಕ್ಕೆ ಬಿಟ್ಟುಹೋದ ನಮ್ಮ ಹಳೇ ಕಾರಿನ ಪುಟ್ಟ ಸ್ಕೇಲ್ ಮಾಡೆಲ್ಲನ್ನು ಇವತ್ತು ಹಾಸ್ಟೆಲ್ ಮೇಜಿನ ಮೇಲೆ ಮುಗಿಸಲು ಕೂತೆ. ಮುಂದಿನ ಗಾಜೊಂದೇ ಬಾಕಿಯಿತ್ತು. ಚಿಮಟದಲ್ಲಿ ಅದನ್ನೆತ್ತಿ ಚೌಕಟ್ಟಿಗೆ ಅಳತೆ ನೋಡಿದೆ.

"ಏನೋ, ಹಾರ್ಟ್ ಆಪರೇಷನ್ನಾ? ಉಸಿರಾದ್ರೂ ಬಿಡೋ!" ಅಂದ ರೂಮ್‌ಮೇಟ್.

ಬೇಗ ಹಿಡಿಯಲೆಂದು ಸೂಪರ್ ಗ್ಲೂ ಹಾಕಿದೆ. ಅದರ ಆವಿಗೆ ಗಾಜೆಲ್ಲ ಬೆಳ್ಳಗಾಯಿತು. ಎಷ್ಟು ಒರೆಸಿದರೂ ಹೋಗಲಿಲ್ಲ.

"ಗಾಜಿಗೆ ಯಾವ ಅಂಟು ಹಾಕ್ಬೇಕು ಗೊತ್ತೇನೋ?" ಎಂದು ನೀನು ಫೋನಿನಲ್ಲಿ ಶುರುಮಾಡಿದ್ದೆ, ಕಣ್ಣುಮುಚ್ಚುವ ಹಿಂದಿನ ದಿನ. "ಕ್ಲಾಸಿದೆ ಅಪ್ಪಾ, ಆಮೇಲೆ" ಎಂದು ನಾನು ಇಟ್ಟುಬಿಟ್ಟೆ.

ಮಾಡೆಲ್ಲಿನ ಡಬ್ಬಿಯ ತಳದಲ್ಲಿ ಇನ್ನೊಂದು ಗಾಜು ಸಿಕ್ಕಿದೆ. ಪೊಟ್ಟಣದ ಮೇಲೆ ನಿನ್ನ ಅಕ್ಷರ: "ನಮ್ಮ ಅವಸರದ ಸಾಹೇಬರಿಗೆ." ಇದೂ ಹಾಳಾದರೆ ಮತ್ತೊಂದಿಲ್ಲ.

ಗ್ಲೂ ಟ್ಯೂಬು ಮುಚ್ಚಿಟ್ಟು ಕೂತಿದ್ದೇನೆ. ಹೇಳಪ್ಪಾ, ಈಗ ಕ್ಲಾಸಿಲ್ಲ.